ರುದ್ರಪ್ಪನವರ ಹೊಟ್ಟೆಯ ಮಡಿಕೆ

ಇಂಗ್ಲಿಷ್ ಪದಗಳ ಮೂಲ ಹುಡುಕುವ ಚಟ ನನಗಿದೆ. ಇದರಿಂದ ಈವರೆಗೆ ಯಾರಿಗಾದರೂ ಉಪಕಾರವಾಗಿದೆಯೇ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಆಗೆಲ್ಲ ನಾನು ರುದ್ರಪ್ಪನವರ ಹೊಟ್ಟೆಯ ಸಂಗತಿ ಎತ್ತುತ್ತೇನೆ. ಅವಳೂ ಅದನ್ನೇ ಎತ್ತುತ್ತಾಳೆ.

ಮೈಸೂರು ಮಹಾರಾಜರ ಸರ್ಕಾರದಲ್ಲಿ ನಾನಾಗ ಹೊಸದುರ್ಗದ ಶಾಲೆಯ ಇಂಗ್ಲಿಷ್ ಮೇಷ್ಟ್ರು. ಪಕ್ಕದ ಮನೆಯ ರುದ್ರಪ್ಪನವರು ಕೊಬ್ಬರಿ ವ್ಯಾಪಾರಿ, ಭಾರಿ ಆಳು. ಒಮ್ಮೆ ಬೀಗರ ಮನೆಯಲ್ಲಿ ಹೋಳಿಗೆಯ ಮೇಲೆ ಹಲಸಿನಹಣ್ಣು ತಿಂದು ಬಂದವರಿಗೆ ಹೊಟ್ಟೆ ನಗಾರಿಯಂತೆ ಉಬ್ಬಿತು. ಊರಿನ ಡಾಕ್ಟರು ಒತ್ತಿ ನೋಡಿ, "ಕಾಂಪ್ಲಿಕೇಟೆಡ್ ಕೇಸು. ದುರ್ಗದ ದೊಡ್ಡಾಸ್ಪತ್ರೆಗೆ ಹೊರಡಿ" ಎಂದುಬಿಟ್ಟರು.

ರುದ್ರಪ್ಪನವರ ಹೆಂಡತಿ ಗಂಗಮ್ಮ ನಮ್ಮ ಮನೆಗೆ ಓಡಿ ಬಂದರು. "ಮೇಷ್ಟ್ರೇ, ನಮ್ಮೋರಿಗೆ ಕಾಂಪ್ಲಿಕೇಟೆಡ್ ಬಂದೈತಂತೆ. ಅಂಗಂದ್ರೆ ಏನ್ರಿ? ಅಂಟೋ ರೋಗನಾ?"

ತೊಡಕಿನದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ಆಸಕ್ತಿಯಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಶಾಲೆಯಲ್ಲಂತೂ ಇಲ್ಲವೇ ಇಲ್ಲ. ದಪ್ಪ ನಿಘಂಟು ಇಳಿಸಿ ವಿವರಿಸತೊಡಗಿದೆ. ಲ್ಯಾಟಿನ್ನಿನಲ್ಲಿ ‘ಕಾಮ್’ ಎಂದರೆ ಒಟ್ಟಿಗೆ, ‘ಪ್ಲಿಕಾರೆ’ ಎಂದರೆ ಮಡಿಚುವುದು. ಮಡಿಕೆಯ ಮೇಲೆ ಮಡಿಕೆ ಬಿದ್ದು ಬಿಡಿಸಲಾಗದೆ ಹೋದದ್ದೇ ಕಾಂಪ್ಲಿಕೇಟೆಡ್.

"ಅಯ್ಯೋ ಶಿವನೇ, ಕರುಳು ಮಡಿಚ್ಕಂಡೈತಾ!" ಎಂದು ಗಂಗಮ್ಮ ಬಂದಂತೆಯೇ ಓಡಿದರು.

ನಾನು ಹಿಂದೆಯೇ ಹೋಗುವಷ್ಟರಲ್ಲಿ ರುದ್ರಪ್ಪನವರನ್ನು ಜಗಲಿಯ ಮೇಲೆ ಹಲಗೆಯಂತೆ ನೆಟ್ಟಗೆ ಮಲಗಿಸಿಯಾಗಿತ್ತು. ಮೊಣಕಾಲು ಮಡಿಚುವಂತಿಲ್ಲ, ಕತ್ತು ಬಗ್ಗಿಸುವಂತಿಲ್ಲ. "ದುರ್ಗದಾಗೆ ಹೊಟ್ಟೆ ಕುಯ್ತಾರಾ ಮೇಷ್ಟ್ರೇ?" ಎಂದು ಕೇಳಿದಾಗ ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರಿತ್ತು. ನನಗೆ ಲ್ಯಾಟಿನ್ ಎಲ್ಲ ಮರೆತುಹೋಯಿತು. ಅವರ ಜೊತೆ ನಾನೂ ಗಾಡಿ ಹತ್ತಿದೆ.

ಎತ್ತಿನ ಗಾಡಿಗೆ ಹುಲ್ಲು ಹಾಸಿ, ಇನ್ನೊಂದು ಮಡಿಕೆ ಬೀಳದಂತೆ ಗಂಗಮ್ಮ ಗಂಡನ ತೋಳು ಎಳೆದು ಹಿಡಿದರು, ನಾನು ಕಾಲು. ಹೊಳಲ್ಕೆರೆ ಹತ್ತಿರ ಗಾಡಿ ಒಂದು ಗುಂಡಿಗೆ ಧಡ್ಡನೆ ಇಳಿಯಿತು. ಆಗ ಹೊರಟಿತು ನೋಡಿ, ರುದ್ರಪ್ಪನವರೊಳಗಿನ ವಾಯು! ಎತ್ತುಗಳು ಬೆದರಿ ಓಡಿದವು. ಕುರಿ ಮೇಯಿಸುತ್ತಿದ್ದವನೊಬ್ಬ, "ಎಲ್ಲೋ ಬಂಡೆ ಸಿಡಿಸ್ತಾವ್ರೆ" ಎಂದು ಕುರಿಗಳನ್ನು ಒಟ್ಟುಮಾಡಿಕೊಂಡ. ರುದ್ರಪ್ಪನವರು ಎದ್ದು ಕುಳಿತು ಕೇಳಿದರು: "ಲೇ ಗಂಗೀ, ರೊಟ್ಟಿ ಕಟ್ಕಂಡಿದೀಯಾ?"

ಗಂಗಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಇಷ್ಟು ದೂರ ಬಂದೀವಿ, ತೋರಿಸ್ಕಂಡೇ ಹೋಗಾಣ" ಎಂದರು. ದುರ್ಗದ ಡಾಕ್ಟರು ಹೊಟ್ಟೆ ತಟ್ಟಿ, "ಸಿಂಪಲ್" ಎಂದು ನಕ್ಕು ಕಳಿಸಿದರು.

ವಾಪಸು ಬರುವಾಗ ರುದ್ರಪ್ಪನವರು ಕೇಳಿದರು: "ಮೇಷ್ಟ್ರೇ, ಸಿಂಪಲ್ ಅಂದ್ರೆ?"

ಸುಮ್ಮನಿರುವುದು ನನ್ನಿಂದಾಗದ ಕೆಲಸ. ಅದೂ ಅದೇ ಲ್ಯಾಟಿನ್ ಮನೆತನದ್ದು, ಒಂದೇ ಮಡಿಕೆ ಎಂದರ್ಥ ಎಂದೆ.

"ಇನ್ನೂ ಒಂದು ಉಳ್ಕಂಡೈತಾ!" ಎಂದವರೇ ಹುಲ್ಲಿನ ಮೇಲೆ ಮತ್ತೆ ಉದ್ದಕ್ಕೆ ಬಿದ್ದುಕೊಂಡರು.

"ಏಳ್ರಿ ಸಾಕು" ಎಂದರು ಗಂಗಮ್ಮ. "ಒಂದು ಮಡಿಕೆ ಇರ್ಲಿ. ಅದೂ ಇಲ್ದಿದ್ರೆ ಮನುಷ್ಯ ಕುಂತ್ಕಳೋದು ಹೆಂಗೆ?"