ಹಲಗೆಯ ಮೇಲಿಟ್ಟ ಅಂಗೈ

ಪಕ್ಕದ ಮನೆಯ ಹುಡುಗಿ ಡ್ರಮ್ಮು ಕಲಿಯುತ್ತಿದ್ದಾಳೆ. ಕುಮಟೆಯ ಈ ಬಾಡಿಗೆ ಮನೆಗಳ ಗೋಡೆ ತೀರಾ ತೆಳ್ಳಗೆ; ಸಂಜೆಯಾಯಿತೆಂದರೆ ಅವಳ ಮೊಬೈಲಿನ ತಾಳದ ಟಿಕ್ ಟಿಕ್, ಅದರ ಬೆನ್ನಿಗೇ ಅಭ್ಯಾಸದ ರಬ್ಬರು ತಟ್ಟೆಯ ಮೇಲೆ ಬೀಳುವ ಕೋಲುಗಳ ಟಪಟಪ ನನ್ನ ಅಡುಗೆಮನೆಗೇ ಬಂದು ಕೂರುತ್ತದೆ. ಬಲಗೈ ಚೆನ್ನಾಗಿ ಓಡುತ್ತದೆ, ಎಡಗೈ ಕೂದಲೆಳೆಯಷ್ಟು ಹಿಂದೆ. ಮೊನ್ನೆ ಮೀನು ಕೊಯ್ಯುತ್ತ ಕೂತವಳು “ಎಡಗೈ, ಎಡಗೈ ನೋಡ್ಕೊ” ಎಂದು ಗೋಡೆಗೆ ಗದರಿಸಿ ನಾನೇ ಬೆಚ್ಚಿಬಿದ್ದೆ. ಬಾಯಿ ನನ್ನದು, ಮಾತು ಸೋದರಮಾವನದು. ಮಾವ ಹೋಗಿ ಎಷ್ಟೋ ವರ್ಷವಾಯಿತು. ಅವನು ಹಾಗೆ ಗದರುತ್ತಿದ್ದ ಜಗಲಿಯನ್ನೂ ಮನೆಯನ್ನೂ ಕಡಲು ತಿಂದು ಮುಗಿಸಿದೆ. ಈಗ ಅಲ್ಲಿ ಅಲೆ ತಡೆಯಲೆಂದು ಕರಿಕಲ್ಲಿನ ರಾಶಿ ಸುರಿದಿದ್ದಾರೆ.

ಹೊನ್ನಾವರದ ಕಡಲಂಚಿನ ಆ ಮನೆ ಅಮ್ಮನ ತವರು. ಅಮ್ಮ ಬೆಳಿಗ್ಗೆಯೇ ಮೀನು ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಿದ್ದಳು, ನಾನು ಮಾವನ ಕಣ್ಣೆದುರಿಗೆ ಬೆಳೆದೆ. ಜಗಲಿಗೆ ಒಣಮೀನು, ಒದ್ದೆ ಬಲೆ, ಅತ್ತೆಯ ತಲೆಯ ತೆಂಗಿನೆಣ್ಣೆ ಎಲ್ಲ ಸೇರಿದ ಒಂದು ವಾಸನೆ. ಹಿತ್ತಲಾಚೆಗೆ ಅಲೆಯ ಅಬ್ಬರ, ಹಾಗಾಗಿ ನಮ್ಮ ಕೇರಿಯಲ್ಲಿ ಮೆಲ್ಲಗೆ ಮಾತಾಡುವ ಪ್ರಾಣಿಯೇ ಇರಲಿಲ್ಲ. ಉಪ್ಪು ಕೊಡು ಎನ್ನುವುದಕ್ಕೂ ಕೂಗಬೇಕು. ಮಾವ ಹಗಲು ಬಲೆ ಎಳೆಯುತ್ತಿದ್ದ, ಯಕ್ಷಗಾನದ ಆಟವಿದ್ದ ದಿನ ಚಂಡೆ ಬಾರಿಸುತ್ತಿದ್ದ. ಅವನ ಕೋಲುಗಳ ಉರುಳಿಕೆ ಶುರುವಾದರೆ ಮಲಗಿದ ಮಕ್ಕಳು ಎದ್ದು ಕೂರುತ್ತಿದ್ದವು. ದಾರಿಯಲ್ಲಿ ಕರೆದರೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ. ಚಂಡೆಯವನಿಗೆ ಸೊಕ್ಕು ಎಂದು ಜನ ಆಡಿಕೊಳ್ಳುತ್ತಿದ್ದರು, ಸೊಕ್ಕೇ ಇರಬೇಕೆಂದು ನಾನೂ ನಂಬಿದ್ದೆ.

ಚಂಡೆ ಕಲಿಯುತ್ತೇನೆಂದು ನಾನು ಹಟ ಹಿಡಿದಾಗ ಹೆಣ್ಣುಮಗಳಿಗೆ ಅದೆಲ್ಲ ಎಂತಕ್ಕೆ ಎಂದು ಅಮ್ಮ ರೇಗಿದಳು. ಮಾವ ಒಂದು ಹಲಸಿನ ಹಲಗೆ ತಂದು ಜಗಲಿಯಲ್ಲಿಟ್ಟ. ಆಟವಿಲ್ಲದಾಗ ಚಂಡೆಯನ್ನು ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿ ಜಂತಿಗೆ ತೂಗುಹಾಕುತ್ತಿದ್ದ. ಎರಡೂ ಕೈ ಒಂದೇ ಆದ ದಿನ ಅದನ್ನು ನನಗೆ ಇಳಿಸಿಕೊಡುತ್ತೇನೆಂದು ಮಾತು ಕೊಟ್ಟ. ಅಲ್ಲಿಂದ ನನ್ನ ಜೀವವೆಲ್ಲ ಆ ಜಂತಿಯ ಮೇಲೇ. ತೋಳು ಬೀಸದೆ ಮಣಿಕಟ್ಟಿನಿಂದಲೇ ಹೊಡೆಯಲಿ ಎಂದು ಕಂಕುಳಲ್ಲಿ ಒಂದೊಂದು ಹಲಸಿನೆಲೆ ಸಿಕ್ಕಿಸುತ್ತಿದ್ದ. ಎಲೆ ಬಿತ್ತೋ, ಮೊದಲಿನಿಂದ ಶುರು. ಚಂಡೆಯ ಕೋಲಿಗಿಂತ ದಪ್ಪದ ಕೋಲು, ಆಮೆಯ ನಡಿಗೆ. ನನಗೆ ಓಡುವ ಆಸೆ, ಅವನು ಬಿಡುತ್ತಿರಲಿಲ್ಲ. ನೀರು ಸೇದುವಾಗಲೂ, ಕಸ ಗುಡಿಸುವಾಗಲೂ ಎಡಗೈಯೇ ಮುಂದೆ. ನಿಧಾನದಲ್ಲಿ ಒಂದು ಪೆಟ್ಟೂ ಸೊಟ್ಟಗಾಗದಿದ್ದರೆ ಆಗ ಅದನ್ನೇ ಇಮ್ಮಡಿ ವೇಗದಲ್ಲಿ ಹೊಡೆಸುತ್ತಿದ್ದ. ನಾನು ಹೊಡೆಯುವಾಗ ಅವನು ಕಣ್ಣು ಮುಚ್ಚಿ ಹಲಗೆಯ ತುದಿಯಲ್ಲಿ ಅಂಗೈ ಇಟ್ಟುಕೊಂಡು ಕೂರುತ್ತಿದ್ದ. ಎಡಗೈಯ ಒಂದೇ ಒಂದು ಪೆಟ್ಟು ತಡವಾದರೂ ಹುಬ್ಬು ಗಂಟಾಗುತ್ತಿತ್ತು. ಗುರುಗಳು ಹೀಗೇ ಕೂರುವುದು ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಕೈ ತಾನಾಗಿ ಓಡತೊಡಗಿತು. ಎಲೆ ಬೀಳಲಿಲ್ಲ, ಎಡಗೈ ಹಿಂದುಳಿಯಲಿಲ್ಲ. ಖುಷಿ ತಡೆಯಲಾರದೆ, ಶಬ್ದ ಇನ್ನೂ ಜೋರಾಗಲೆಂದು, ಹಲಗೆ ಬಿಟ್ಟು ಪಕ್ಕದಲ್ಲಿ ಬೋರಲು ಹಾಕಿದ್ದ ಮೀನಿನ ಪೆಟ್ಟಿಗೆಯ ಮೇಲೆ ಬಾರಿಸಿದೆ. ಕೇರಿಯ ನಾಯಿಗಳೆಲ್ಲ ಬೊಗಳಿದವು. ಅತ್ತೆ ಒಳಗಿಂದ ಓಡಿಬಂದಳು. ನಾನು ಪೆಟ್ಟಿಗೆ ಬಾರಿಸುತ್ತಲೇ ಇದ್ದೆ. ಮಾವನ ಕಣ್ಣು ಮುಚ್ಚಿಯೇ ಇತ್ತು, ಅಂಗೈ ಹಲಗೆಯ ಮೇಲೇ ಇತ್ತು.

“ಎಂತಕ್ಕೆ ನಿಲ್ಸಿದೆ ಮಗಾ? ಹೊಡಿ” ಎಂದ.

ನನ್ನ ಕೋಲು ಗಾಳಿಯಲ್ಲೇ ನಿಂತಿತು. ಇಷ್ಟು ದಿನ ಇವನು ಕೇಳಿಸಿಕೊಂಡದ್ದೇನು? ಜಂತಿಯ ಆ ಚಂಡೆಯನ್ನು ನಾನು ಯಾರಿಗೆ ಕೇಳಿಸಬೇಕೆಂದು ಇಷ್ಟು ಒದ್ದಾಡಿದೆ? ಅತ್ತೆ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಚಂಡೆಯೇ ಅವನ ಕಿವಿ ತಿಂದಿತ್ತಂತೆ, ವರ್ಷಗಳಿಂದ ಚೂರುಚೂರಾಗಿ. ಆಟದಲ್ಲಿ ಹಾಡುವ ಭಾಗವತರ ತುಟಿ ನೋಡಿಕೊಂಡು, ಮದ್ದಲೆಯವರ ಬೆರಳು ನೋಡಿಕೊಂಡು ಬಾರಿಸುತ್ತಿದ್ದನಂತೆ.

“ಯಾರ ಹತ್ರನೂ ಹೇಳ್ಬೇಡ. ಗೊತ್ತಾದ್ರೆ ಇವ್ರನ್ನ ಯಾರೂ ಆಟಕ್ಕೆ ಕರೂದಿಲ್ಲ” ಎಂದಳು. ಸೆರಗಿನಲ್ಲಿ ಮೊದಲು ನನ್ನ ಮುಖ ಒರೆಸಿ ಆಮೇಲೆ ತನ್ನದು ಒರೆಸಿಕೊಂಡಳು.

ನಾನು ಯಾರಿಗೂ ಹೇಳಲಿಲ್ಲ. ಆದರೆ ಮುಖ ಮುಚ್ಚಿಡಲು ನನಗೆ ಬರುತ್ತಿರಲಿಲ್ಲ. ಮರುದಿನ ಹಲಗೆಯ ಮುಂದೆ ಕೂತವಳ ಮುಖವನ್ನು ಮಾವ ನೋಡಿದ, ಎದ್ದು ಹೋಗಿ ಜಂತಿಯಿಂದ ಚಂಡೆ ಇಳಿಸಿದ. ಹಗ್ಗ ಬಿಗಿದ, ತನ್ನ ತೆಳ್ಳಗಿನ ಕೋಲುಗಳನ್ನು ನನ್ನ ಕೈಯಲ್ಲಿಟ್ಟ, ಚಂಡೆಯ ಹೊಟ್ಟೆಗೆ ಅಂಗೈ ಒತ್ತಿಕೊಂಡು ಕೂತ. ನಾನು ಬಾರಿಸಿದೆ. ದಪ್ಪ ಕೋಲಿಗೆ ಪಳಗಿದ ಕೈಗೆ ಆ ಕೋಲು ಹೂವಿನಷ್ಟು ಹಗುರ. ಎರಡು ಕೈ ಇದೆಯೆಂಬುದೇ ಮರೆತುಹೋಗುವಷ್ಟು ಓಡಿತು. ಜಗಲಿಯೆಲ್ಲ ಗುಡುಗಿತು, ಅಲೆಯ ಸದ್ದೇ ಅಡಗಿಹೋಯಿತು. ನಿಲ್ಲಿಸಿದಾಗ ಮಾವ ಕಣ್ಣು ಬಿಟ್ಟ.

“ಎಡಗೈ ಸರಿ ಆತು” ಎಂದ. ಚಂಡೆಯಿಂದ ಅಂಗೈ ತೆಗೆದು ಕೇಳಿದ: “ಹ್ಯಾಂಗೆ ಕೇಳ್ತು ಮಗಾ?”

ನಾನು ತಲೆ ತಗ್ಗಿಸಿ ಏನೋ ಗೊಣಗಿದೆ. ಅವನು ನನ್ನ ಗಲ್ಲ ಹಿಡಿದು ಎತ್ತಿದ.

“ಮುಖ ಮೇಲ್ ಮಾಡಿ ಹೇಳು.”

ಹೇಳಿದೆ. ಬಿಕ್ಕುತ್ತಲೇ, ಒಂದೊಂದೇ ಮಾತಾಗಿ, ಗುಡುಗಿದ್ದನ್ನೂ ಅಲೆ ಅಡಗಿದ್ದನ್ನೂ ಹೇಳಿದೆ. ಅವನು ನನ್ನ ತುಟಿಯಿಂದ ಕಣ್ಣು ಕೀಳದೆ ಕೊನೆಯವರೆಗೂ ಕೇಳಿದ.

ಈಗ ಸಂಜೆ ಹುಡುಗಿ ಶುರುಮಾಡಿದರೆ ಕೈ ತೊಳೆದುಕೊಂಡು ಗೋಡೆಗೆ ಅಂಗೈ ಇಡುತ್ತೇನೆ. ಸುಣ್ಣದ ತಂಪಿನ ಕೆಳಗೆ ಸಣ್ಣಗೆ ಮಿಡಿಯುತ್ತದೆ. ನಿನ್ನೆ ಅವಳ ಎಡಗೈ ಬಲಗೈಯ ಜೊತೆಗೇ ಬಿತ್ತು, ಒಂದೂ ತಪ್ಪಲಿಲ್ಲ. ಮುಖ ಮೇಲೆ ಮಾಡಿ ಹೇಳೋಣವೆಂದರೆ ಮಾವ ಇಲ್ಲ.