ಭಾವ ಟಿವಿ ಆಫ್ ಮಾಡಿದ ಫೈನಲ್

ಕಳೆದ ಭಾನುವಾರ ನನ್ನ ಭಾವ ಟಿವಿ ಆಫ್ ಮಾಡಿ ರಿಮೋಟ್ ಎಸೆದ ರಭಸಕ್ಕೆ ಒಳಗಿದ್ದ ಸೆಲ್‌ಗಳೆಲ್ಲ ಸೋಫಾದಡಿ ಸೇರಿದವು!

ಭದ್ರಾವತಿ ಓಲ್ಡ್ ಟೌನಿನ ಅಕ್ಕನ ಮನೆ. ಟಿವಿಯಲ್ಲಿ ದೋಣಿ ರೇಸಿನ ನ್ಯಾಷನಲ್ಸ್ ಫೈನಲ್ ಲೈವ್. ಸಿಂಗಲ್ ಸ್ಕಲ್ಸ್. ಅಂದರೆ ಒಂದು ದೋಣಿ, ಎರಡು ಹುಟ್ಟು, ಒಬ್ಬಳೇ ಹುಡುಗಿ. (ಕ್ರಿಕೆಟ್ ಬಿಟ್ಟು ಬೇರೆ ಆಟಗಳೂ ಇವೆ ಸ್ವಾಮಿ!) ಫೈನಲ್ಲಿಗೆ ಬಂದವರಲ್ಲೊಬ್ಬಳು ನಮ್ಮ ಚೈತ್ರಾ, ಅಕ್ಕನ ಮಗಳು.

ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದವಳು. ಅವಳ ಉದ್ದ ಕೈ ನೋಡಿ ಕೋಚ್ ಒಬ್ಬರು ದೋಣಿ ಹತ್ತಿಸಿದರು. ಮೊದಲ ದಿನವೇ ಮಗುಚಿ ನೀರಿಗೆ ಬಿದ್ದಳು. ಆಮೇಲೆ? ಎರಡು ಸಲ ನ್ಯಾಷನಲ್ ಚಾಂಪಿಯನ್! ಅಷ್ಟರಲ್ಲಿ ಭುಜಕ್ಕೆ ಪೆಟ್ಟು, ಆಪರೇಷನ್. ಈ ಸಲ ಮೆಡಲ್ ಬಾರದಿದ್ದರೆ ಇಂಡಿಯಾ ಕ್ಯಾಂಪಿನಿಂದ ಔಟ್. ಮನೆಯವರಿಗೆಲ್ಲ ಅದು ಗೊತ್ತಿತ್ತು.

ಆದರೆ ನಾವು ಇಷ್ಟು ವರ್ಷ ನೋಡಿದ್ದು ಮೆಡಲ್ ಹಾಕಿಕೊಂಡ ಫೋಟೊ ಮಾತ್ರ. ರೇಸ್ ನೋಡುತ್ತಿದ್ದುದು ಇದೇ ಮೊದಲು.

ಶುರುವಾಯಿತು! ಅಕ್ಕ ಕೈಮುಗಿದಳು. ನಾನು ಉಗುರು ಕಚ್ಚಿದೆ. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಇನ್ಯಾರದೋ ದೋಣಿ. ಕೆಂಪು ಟೋಪಿಯ ನಮ್ಮ ಹುಡುಗಿ ಎಲ್ಲೋ ದೂರದಲ್ಲಿ, ಇರುವೆಯಷ್ಟು. ಎಲ್ಲರ ಮುಖವೂ ನಮ್ಮ ಕಡೆಗೆ. ಅಂದಮೇಲೆ ನಮ್ಮ ಕಡೆಗೇ ಬರುತ್ತಿದ್ದಾರೆ ತಾನೇ?

"ಎಲ್ಲರಿಗಿಂತ ಹಿಂದೆ ಬಿದ್ಲು ಮಾರಾಯ," ಅಂದರು ಭಾವ. ಕಾರ್ಖಾನೆಯ ಕುಲುಮೆ ಮುಂದೆ ವರ್ಷಗಟ್ಟಲೆ ದುಡಿದ ಗಟ್ಟಿ ಮನುಷ್ಯ, ರಿಮೋಟಿಗೆ ಕೈ ಹಾಕಿದರು. "ಸಾಕು, ನನ್ನ ಕೈಲಿ ನೋಡಕ್ಕಾಗಲ್ಲ."

ಟಿವಿ ಆಫ್.

"ಅಯ್ಯೋ ಹಾಕ್ರೀ, ಮಗು ಮುಗಿಸ್ಲಿ," ಅಂದಳು ಅಕ್ಕ. ಭಾವ ಅಲುಗಲಿಲ್ಲ. ನಾನೂ ಏಳಲಿಲ್ಲ. ಕೂತು ಅವಳ ಮುಂದಿನ ಗತಿ ಏನೆಂದು ಚಿಂತೆ ಮಾಡಿದ್ದೇ ಮಾಡಿದ್ದು!

ಅಷ್ಟರಲ್ಲಿ ಫೋನ್. "ಅಪ್ಪಾ, ಗೋಲ್ಡು! ನೋಡಿದ್ಯಾ?"

ಭಾವ ತಬ್ಬಿಬ್ಬು. "ಗೋಲ್ಡಾ? ನೀನು ಹಿಂದೆ ಇದ್ಯಲ್ಲೇ!"

"ಹಿಂದೆ ಅಲ್ಲಪ್ಪ, ಮುಂದೆ! ನಾವು ಫಿನಿಶ್ ಲೈನಿಗೆ ಬೆನ್ನು ಮಾಡಿ ಕೂರೋದು. ಕ್ಯಾಮೆರಾ ಬೋಟು ಸ್ಟಾರ್ಟ್ ಕಡೆಯಿಂದ ನಮ್ಮನ್ನ ಹಿಂಬಾಲಿಸ್ತಿತ್ತು. ಅದಕ್ಕೇ ಗೆಲ್ಲೋರು ದೂರ ಕಾಣ್ತಾರೆ!"

ಆಮೇಲೆ ಆ ಮನೆಯಲ್ಲಿ ಎದ್ದ ಗದ್ದಲ ಕೇಳಬೇಡಿ. ಅಕ್ಕ ಅಳುತ್ತಲೇ ನಕ್ಕಳು. ನಾನು ಬೀದಿಗೆ ಓಡಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಪರಿಚಯವಿಲ್ಲದವರಿಗೂ! ಭಾವ ಮಾತ್ರ ಫೋನ್ ಹಿಡಿದು ಮಗುವಿನ ಹಾಗೆ ಬಿಕ್ಕುತ್ತಿದ್ದರು.

ಶಿವಮೊಗ್ಗದ ಬಸ್ಸಿನಲ್ಲಿ ವಾಪಸ್ ಬರುವಾಗಲೂ ಅದೇ ಖುಷಿ. ಜೊತೆಗೆ ನಾಚಿಕೆ. ಮಕ್ಕಳಿಗೆ ಮೊದಲ ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ ಬಂದ ಕೂಡಲೇ "ಇವನ ಕೈಲಿ ಆಗಲ್ಲ" ಅನ್ನುವವರು ನಾವೇ ಅಲ್ಲವೇ?

ಗುರಿಗೆ ಬೆನ್ನು ಮಾಡಿ ಕೂತ ಹುಡುಗಿಗೆ ಇದ್ದ ನಂಬಿಕೆ, ಕಣ್ಣು ಬಿಟ್ಟುಕೊಂಡು ಕೂತ ನಮಗೆ ಯಾಕಿರಲಿಲ್ಲ?