ಹೆಬ್ಬೆರಳು ಕಚ್ಚಿದ ಕತ್ತರಿ

ಕ್ಷೌರಿಕನ ಮಾತನ್ನು ಬೀದಿಯವರೆಲ್ಲ ನಂಬುತ್ತಿದ್ದರು, ಹೆಂಡತಿಯೊಬ್ಬಳನ್ನು ಬಿಟ್ಟು. ಅವನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಪಥ್ಯ ಮಾಡಿದ, ಮಾತ್ರೆ ನುಂಗಿದ, ಸಕ್ಕರೆ ಇಳಿಯಲಿಲ್ಲ. ಹಾಗಾದರೆ ಕದ್ದು ತಿನ್ನುತ್ತಿದ್ದಾನೆ ಎಂಬುದು ಅವಳ ತೀರ್ಮಾನ. ಸಕ್ಕರೆ ಡಬ್ಬಿ ಬೀರು ಸೇರಿತು, ಬೀರುವಿನ ಕೀಲಿ ಅವಳ ಸೊಂಟ ಸೇರಿತು.

“ನಾನು ಮುಟ್ಟಿಲ್ಲ ಕಣೇ.”

“ಹೌದು, ಇರುವೆ ಮುಟ್ಟಿದೆ. ಹೊತ್ಕೊಂಡು ಬಂದು ನಿಮ್ಮ ರಕ್ತಕ್ಕೆ ಹಾಕಿದೆ.”

ಇಷ್ಟು ವರ್ಷ ಜನರ ಕುತ್ತಿಗೆಗೆ ಕತ್ತಿ ಹಿಡಿದರೂ ಅವನನ್ನು ಯಾರೂ ಶಂಕಿಸಿರಲಿಲ್ಲ. ಮನೆಯಲ್ಲಿ ಕಳ್ಳನೆನಿಸಿಕೊಂಡದ್ದು ಅವನನ್ನು ಕಾಯಿಲೆಗಿಂತ ಹೆಚ್ಚು ಕೊರೆಯಿತು.

ಇಡೀ ದಿನ ಕನ್ನಡಿಯ ಮುಂದೆ ನಿಲ್ಲುವ ಕಸುಬು. ಆದರೂ ತನ್ನ ದವಡೆ ಮುಂದೆ ಬಂದದ್ದು, ಮೂಗು ದಪ್ಪವಾದದ್ದು ಅವನಿಗೆ ಕಾಣಲಿಲ್ಲ. ಕನ್ನಡಿಯಲ್ಲಿ ಅವನು ನೋಡುತ್ತಿದ್ದುದು ಗಿರಾಕಿಯನ್ನು. ಕತ್ತರಿಯ ಹಿಡಿಯ ಬಳೆಗಳು ಬಿಗಿಯಾದಾಗ ಸಾಣೆಯವನಿಗೆ ಕೊಟ್ಟು ಅಗಲ ಮಾಡಿಸಿದ. ಮತ್ತೆ ಬಿಗಿಯಾದವು, ಮತ್ತೆ ಮಾಡಿಸಿದ. ಈಗಿನ ಕಬ್ಬಿಣ ತೊಳೆದರೆ ಕುಗ್ಗುತ್ತದೆ ಎಂದು ಬೈದ.

ಒಂದು ಬೆಳಿಗ್ಗೆ ಅರ್ಧ ತಲೆ ಕತ್ತರಿಸುವಷ್ಟರಲ್ಲಿ ಹೆಬ್ಬೆರಳು ಬಳೆಯಲ್ಲಿ ಸಿಕ್ಕಿಕೊಂಡಿತು. ಸೋಪು ಸೋತಿತು, ಎಣ್ಣೆ ಸೋತಿತು. ಅರ್ಧ ತಲೆಯ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಕತ್ತರಿ ನೇತಾಡಿಸಿಕೊಂಡು, ಮನೆಯಿಂದ ಹೆಂಡತಿಯನ್ನು ಕರೆದುಕೊಂಡು ಡಾಕ್ಟರ ಬಳಿಗೆ ಓಡಿದ.

ಡಾಕ್ಟರು ಅದುವರೆಗೆ ಅವನ ರಕ್ತದ ರಿಪೋರ್ಟು ಮಾತ್ರ ನೋಡಿದ್ದರು. ಈಗ ಕೈ ನೋಡಲೇಬೇಕಾಯಿತು. ಬಳೆ ತುಂಡರಿಸಿ ಬೆರಳು ಬಿಡಿಸಿ ಕೇಳಿದರು: “ಕೈ ಮೊದಲಿಂದ ಇಷ್ಟೇ ದಪ್ಪನಾ?”

“ಕೈಗೇನಾಗಿದೆ ಸಾರ್? ಕತ್ತರಿ ಕುಗ್ಗಿದೆ.”

“ಚಪ್ಪಲೀನೂ ಕುಗ್ತಿದೆ ಸಾರ್,” ಎಂದಳು ಹೆಂಡತಿ. “ಕದ್ದು ತಿಂದಿದ್ದು ಎಲ್ಲಾದ್ರೂ ಹೋಗ್ಬೇಕಲ್ಲ.”

ಡಾಕ್ಟರು ನಗಲಿಲ್ಲ. ತಲೆಯ ಸ್ಕ್ಯಾನಿಗೆ ಬರೆದರು.

ಮಿದುಳಿನ ಕೆಳಗೆ ಪಿಟ್ಯುಟರಿ ಎಂಬ ಬಟಾಣಿ ಗಾತ್ರದ ಗ್ರಂಥಿಯಿದೆ. ಅದರಲ್ಲೊಂದು ಗೆಡ್ಡೆ ಕುಳಿತು ಬೆಳವಣಿಗೆಯ ಹಾರ್ಮೋನನ್ನು ಲಂಗುಲಗಾಮಿಲ್ಲದೆ ಸುರಿಸುತ್ತಿತ್ತು. ಅದು ಹೆಚ್ಚಾದರೆ ಕೈಕಾಲು ಹಿಗ್ಗುತ್ತವೆ. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಮಾತನ್ನು ಮೈ ಕೇಳುವುದಿಲ್ಲ. ಹೊಟ್ಟೆಯೊಳಗಿನ ಮೇದೋಜ್ಜೀರಕದ ಜೀವಕೋಶಗಳು ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ತಯಾರಿಸಿ ಕೊನೆಗೆ ಸುಸ್ತಾಗುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇಷ್ಟು ದಿನ ಔಷಧ ನಡೆದಿತ್ತು. ಬೀದಿಯ ತಲೆಗಳನ್ನೆಲ್ಲ ತಿರುಗಿಸಿ ನೋಡಿದವನ ತಲೆಯೊಳಗೆ ಯಾರೂ ಇಣುಕಿರಲಿಲ್ಲ.

ಮೂಗಿನ ದಾರಿಯಲ್ಲಿ ಹೋಗಿ ಗೆಡ್ಡೆ ತೆಗೆದರು. ದವಡೆ ಹಿಂದೆ ಸರಿಯಲಿಲ್ಲ, ಬೆರಳು ಕೊಂಚ ಇಳಿಯಿತು. ಸಕ್ಕರೆ ಚೆನ್ನಾಗಿಯೇ ಇಳಿಯಿತು. ರಿಪೋರ್ಟನ್ನು ಹೆಂಡತಿಯ ಮುಂದೆ ಹರಡಿ ಕ್ಷೌರಿಕ ಕೂತ.

“ಈಗ ಹೇಳು. ಕಳ್ಳ ಯಾರು?”

ಅವಳು ರಿಪೋರ್ಟು ಓದಿದಳು, ಮಡಚಿದಳು. “ಕಳ್ಳ ನಿಮ್ಮ ಹೊಟ್ಟೇಲಿರಲಿಲ್ಲ, ತಲೇಲಿದ್ದ. ಹೇಗಿದ್ರೂ ನಿಮ್ಮೊಳಗೇ ಇದ್ದ ತಾನೆ?”

ಕ್ಷಮೆ ಕೇಳುವ ಅಭ್ಯಾಸ ಅವಳ ತವರಲ್ಲೇ ಇರಲಿಲ್ಲ. ಸೊಂಟದಿಂದ ಕೀಲಿ ತೆಗೆದು ರಿಪೋರ್ಟಿನ ಮೇಲಿಟ್ಟು ಒಳಗೆ ಹೋದಳು. ಅವನು ಕೀಲಿಯನ್ನು ಮುಟ್ಟದೆ, ಮೀಸೆಯಡಿ ನಗುತ್ತ ಅಂಗಡಿಗೆ ಹೊರಟ.